ಯಾವ ಫೈಲ್ ಯಾವುದರಲ್ಲಿ ತೆರೆಯಬೇಕು? ಡೀಫಾಲ್ಟ್ ಆ್ಯಪ್‌ಗಳ ರಗಳೆ ಮುಗಿಸುವ ಸಮಗ್ರ ಮಾರ್ಗದರ್ಶಿ

ಪಿಡಿಎಫ್ ಒಂದನ್ನು ಡಬಲ್ ಕ್ಲಿಕ್ ಮಾಡಿದರೆ ಫೋಟೊ ತಿದ್ದುವ ಗಿಂಪ್ ತೆರೆದುಕೊಂಡು ಯಾವ ಪುಟ ಬೇಕು ಅಂತ ಕೇಳುತ್ತದೆ. ಫೋಟೊ ಒತ್ತಿದರೆ ಬ್ರೌಸರ್ ಬರುತ್ತದೆ. ವೆಬ್‌ಸೈಟಿನಲ್ಲಿ ಯಾರದೋ ಇಮೇಲ್ ವಿಳಾಸದ ಮೇಲೆ ಮೌಸ್ ತಾಗಿ ಕ್ಲಿಕ್ ಆದರೆ ಸಾಕು, ನೀವು ಯಾವತ್ತೂ ಬಳಸದ ಮೇಲ್ ಪ್ರೋಗ್ರಾಂ ಎದ್ದು ಕೂತು ಹೊಸ ಖಾತೆ ಮಾಡಿ ಅನ್ನುತ್ತದೆ. ಒಂದೊಂದೂ ಸಣ್ಣ ಸಂಗತಿಯೇ. ದಿನಾ ಆದರೆ ಮಂಡೆಬಿಸಿ.

ಇದಕ್ಕೆ ಮದ್ದು ಡೀಫಾಲ್ಟ್ ಆ್ಯಪ್ಸ್ ಅನ್ನುವ ಸೆಟ್ಟಿಂಗ್ ಕಿಟಕಿಯಲ್ಲಿ ಉಂಟು ಅಂತ ಎಲ್ಲರೂ ಹೇಳುತ್ತಾರೆ. ಹೌದು, ಅರ್ಧ ಮದ್ದು ಅಲ್ಲಿದೆ. ಆದರೆ ಆ ಕಿಟಕಿ ತೆರೆದು ನೋಡಿದವರಿಗೆ ಗೊತ್ತು: ಒಂದೊಂದು ಸಾಲಿನಲ್ಲೂ ಐದಾರು ಹೆಸರು, ಅದರಲ್ಲಿ ಎರಡು ಒಂದೇ ಹೆಸರಿನವು, ಎಂತಕ್ಕೆ ಅಂತ ಗೊತ್ತಿಲ್ಲದ ಒಂದೆರಡು, ಇನ್ನು ನಮಗೆ ಜಾಸ್ತಿ ಬೇಕಾದ ಪಿಡಿಎಫ್‌ಗೆ ಸಾಲೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ತಪ್ಪು ಕಿಟಕಿಯದ್ದಲ್ಲ. ಒಂದೇ ಕೆಲಸಕ್ಕೆ ನಾಲ್ಕು ಪ್ರೋಗ್ರಾಂ ತುಂಬಿಸಿ ಇಟ್ಟದ್ದೇ ಎಲ್ಲಕ್ಕೂ ಮೂಲ. ಮೊದಲು ಅವನ್ನು ಕಮ್ಮಿ ಮಾಡಿ. ಆಮೇಲೆ ಕಿಟಕಿ ತೆರೆದರೆ ಅದು ತಾನಾಗಿಯೇ ಚಿಕ್ಕದಾಗಿರುತ್ತದೆ.

ನಮ್ಮ ಕಾಸರಗೋಡಿನ ಕಡೆ ಈ ರಗಳೆ ಸ್ವಲ್ಪ ಜಾಸ್ತಿಯೇ. ಶಾಲೆಯಲ್ಲಿ ಮಕ್ಕಳು ಬಳಸುವುದು ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸಂಸ್ಥೆ ಕೈಟ್‌ನ ಲಿನಕ್ಸ್. ಮನೆಯಲ್ಲಿ ವಿಂಡೋಸ್. ಊರಿನ ವಾಚನಾಲಯಕ್ಕೆ ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರಿನಲ್ಲಿ ಮತ್ತೊಂದು. ಫೈಲುಗಳೂ ಹಾಗೆಯೇ ಬೆರಕೆ: ಮಲಯಾಳದ ಸುತ್ತೋಲೆ, ಕನ್ನಡದ ಪ್ರಶ್ನೆಪತ್ರಿಕೆ, ಭೂತೆರಿಗೆಯ ರಶೀದಿ, ಪಂಚಾಯತಿನ ಸರ್ಟಿಫಿಕೇಟು, ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿದ ಹಳೇ ಕಡತ, ತಾಳಮದ್ದಳೆಯ ಎಂಪಿ3, ಗಲ್ಫಿನಿಂದ ಬಂದ ಐಫೋನ್ ಫೋಟೊ. ಎಲ್ಲವೂ ಒಂದೇ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ.

ಕೇರಳದ ಶಾಲೆಗಳಿಗೆ ಐಟಿ ಅಟ್ ಸ್ಕೂಲ್ ಯೋಜನೆ ಬಂದದ್ದು 2001ರಲ್ಲಿ, ಅದು ಕೈಟ್ ಆದದ್ದು 2017ರಲ್ಲಿ. ಅವರ ಲಿನಕ್ಸ್ ಉಬುಂಟುವನ್ನು ಆಧರಿಸಿದ್ದು. ಹಾಗಾಗಿ ನಾನು ಮುಖ್ಯವಾಗಿ ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ ಇಟ್ಟುಕೊಂಡು ಹೇಳುತ್ತೇನೆ. ವಿಂಡೋಸ್‌ನವರಿಗೂ ಕೆಳಗೆ ಒಂದು ಭಾಗ ಉಂಟು. ಆದರೆ ಮೊದಲ ಮೂರು ಭಾಗ ಬಿಡಬೇಡಿ, ಅವು ಎಲ್ಲರಿಗೂ ಬೇಕು.

ಒಳಗೆ ನಡೆಯುವುದು ಇಷ್ಟೇ

ಪ್ರತಿ ಫೈಲಿಗೂ ಒಂದು ಜಾತಿ ಇರುತ್ತದೆ. ಪಿಡಿಎಫ್ ಒಂದು ಜಾತಿ, ಜೆಪೆಗ್ ಒಂದು, ಎಂಪಿ3 ಒಂದು. ವಿಂಡೋಸ್ ಇದನ್ನು ಹೆಸರಿನ ಬಾಲ, ಅಂದರೆ ಕೊನೆಯ ಚುಕ್ಕೆಯ ನಂತರದ ಅಕ್ಷರಗಳನ್ನು ನೋಡಿ ತಿಳಿದುಕೊಳ್ಳುತ್ತದೆ. ಲಿನಕ್ಸ್ ಬಾಲದ ಜೊತೆಗೆ ಬೇಕಾದಾಗ ಫೈಲಿನ ಒಳಗನ್ನೂ ನೋಡುತ್ತದೆ.

ಇನ್ನೊಂದು ಕಡೆ ಪ್ರತಿ ಪ್ರೋಗ್ರಾಮೂ ಇನ್‌ಸ್ಟಾಲ್ ಆಗುವಾಗ ಒಂದು ಪಟ್ಟಿ ಕೊಡುತ್ತದೆ: ನಾನು ಇಂತಿಂಥ ಜಾತಿಯ ಫೈಲ್ ತೆರೆಯಬಲ್ಲೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳೆಲ್ಲ ಒಬ್ಬನೇ ಪ್ರಯಾಣಿಕನನ್ನು ಕರೆಯುವ ಹಾಗೆ, ಒಂದೇ ಪಿಡಿಎಫ್‌ಗೆ ನಾಲ್ಕು ಪ್ರೋಗ್ರಾಂ ಕೈ ಎತ್ತಿರುತ್ತವೆ. ಡಾಕ್ಯುಮೆಂಟ್ ವ್ಯೂವರ್ ಸರಿ, ಅದು ಇರುವುದೇ ಅದಕ್ಕೆ. ಆದರೆ ಗಿಂಪ್ ಕೂಡ ಪಿಡಿಎಫ್ ತೆರೆಯುತ್ತೇನೆ ಅನ್ನುತ್ತದೆ, ಲಿಬ್ರೆಆಫೀಸ್ ಡ್ರಾ ಕೂಡ ಅನ್ನುತ್ತದೆ, ಬ್ರೌಸರ್ ಕೂಡ. ಸುಳ್ಳಲ್ಲ, ತೆರೆಯುತ್ತವೆ. ಆದರೆ ರಶೀದಿ ಓದಲಿಕ್ಕೆ ಗಿಂಪ್ ಯಾಕೆ ಬೇಕು?

ಇವರಲ್ಲಿ ಯಾರು ಅಂತ ನೀವು ಹೇಳಿದ್ದರೆ ಅದು ಲಿನಕ್ಸ್‌ನಲ್ಲಿ ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿದ ಕಾನ್ಫಿಗ್ ಫೋಲ್ಡರಿನೊಳಗೆ ಮೈಮ್‌ಆಪ್ಸ್ ಡಾಟ್ ಲಿಸ್ಟ್ ಅನ್ನುವ ಸಣ್ಣ ಪಠ್ಯದ ಫೈಲಿನಲ್ಲಿ ಬರೆದಿರುತ್ತದೆ. ಹೇಳದಿದ್ದರೆ ಸಿಸ್ಟಮ್ಮೇ ಒಂದನ್ನು ಆರಿಸಿಕೊಳ್ಳುತ್ತದೆ. ಸೆಟ್ಟಿಂಗ್ಸ್ ಕಿಟಕಿ, ರೈಟ್ ಕ್ಲಿಕ್ ಮೆನು, ಎಲ್ಲವೂ ಕೊನೆಗೆ ಬರೆಯುವುದು ಈ ಒಂದೇ ಫೈಲಿಗೆ. ಇದು ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು. ನಿಮ್ಮ ಲಾಗಿನ್‌ನಲ್ಲಿ ಸರಿ ಮಾಡಿದ್ದು ತಂಗಿಯ ಲಾಗಿನ್‌ನಲ್ಲಿ ಸರಿ ಆಗುವುದಿಲ್ಲ. ಇದು ನೆನಪಿರಲಿ.

ಮೊದಲು ಕಾಗದ, ಆಮೇಲೆ ಮೌಸ್

ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಫೈಲುಗಳನ್ನು ಟೈಪ್ ಪ್ರಕಾರ ಜೋಡಿಸಿ. ಲಿಸ್ಟ್ ವ್ಯೂಗೆ ಹೋಗಿ ಟೈಪ್ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಆಯಿತು. ಕಾಲಂ ಕಾಣದಿದ್ದರೆ ಕಾಲಂಗಳ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ಸೇರಿಸಿಕೊಳ್ಳಿ. ನಿಮ್ಮ ಮನೆಗೆ ನಿಜವಾಗಿ ಬರುವ ಫೈಲುಗಳು ಯಾವುವು ಅಂತ ಆಗ ಗೊತ್ತಾಗುತ್ತದೆ. ಹೆಚ್ಚಿನವರಿಗೆ ಹತ್ತು ಜಾತಿಗಿಂತ ಮೇಲೆ ಹೋಗುವುದಿಲ್ಲ: ಪಿಡಿಎಫ್, ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಎಂಪಿ4, ಎಂಪಿ3, ವಾಟ್ಸಾಪ್ ವೆಬ್‌ನಿಂದ ಇಳಿಸಿದ ವಾಯ್ಸ್ ಮೆಸೇಜಿನ ಓಗ್, ವರ್ಡ್ ಫೈಲು, ಎಕ್ಸೆಲ್ ಫೈಲು, ಜಿಪ್.

ಇವನ್ನು ಒಂದು ಕಾಗದದಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ಒಂದೇ ಒಂದು ಪ್ರೋಗ್ರಾಮಿನ ಹೆಸರು ಬರೆಯಿರಿ. ಎರಡು ಬರೆಯಬೇಡಿ. "ಓದಲಿಕ್ಕೆ ಇದು, ತಿದ್ದಲಿಕ್ಕೆ ಅದು" ಅಂತ ಆಸೆ ಆಗುತ್ತದೆ, ಗೊತ್ತು. ಡಬಲ್ ಕ್ಲಿಕ್ ಮಾಡಿದರೆ ತೆರೆದು ನೋಡಲಿಕ್ಕೆ, ತಿದ್ದಬೇಕಾದಾಗ ರೈಟ್ ಕ್ಲಿಕ್. ಈ ಒಂದು ನಿಯಮ ಇಟ್ಟುಕೊಂಡರೆ ಅರ್ಧ ಗೊಂದಲ ಹೋಯಿತು. ಫೋಟೊಗೆ ಇಮೇಜ್ ವ್ಯೂವರ್, ಗಿಂಪ್ ಅಲ್ಲ. ಪಿಡಿಎಫ್‌ಗೆ ಡಾಕ್ಯುಮೆಂಟ್ ವ್ಯೂವರ್. ಹಾಡಿಗೂ ವಿಡಿಯೊಗೂ ವಿಎಲ್‌ಸಿ ಒಂದೇ ಸಾಕು, ಎರಡಕ್ಕೆ ಎರಡು ಬೇಕಾಗಿಲ್ಲ. ಹಾಡುಗಳನ್ನು ಆಲ್ಬಂ ಮಾಡಿ ಜೋಡಿಸಿ ಇಡುವ ಶೋಕಿ ಇರುವವರಿಗೆ ಮಾತ್ರ ರಿದಮ್‌ಬಾಕ್ಸ್.

ಮನೆಯಲ್ಲಿ ಅಪ್ಪನೋ ಅಜ್ಜನೋ ಬಳಸುವ ಕಂಪ್ಯೂಟರಾದರೆ ಈ ಕಾಗದವನ್ನು ಅವರ ಜೊತೆ ಕೂತು ಬರೆಯಿರಿ. ಅವರು ಯಾವ ಕಿಟಕಿಗೆ ಅಭ್ಯಾಸ ಆಗಿದ್ದಾರೋ ಅದೇ ಇರಲಿ. ನಿಮಗೆ ಇಷ್ಟ ಅಂತ ಹೊಸತು ಹಾಕಿ ಕೊಟ್ಟರೆ ನಾಳೆ ಫೋನ್ ಬರುವುದು ನಿಮಗೇ.

ಹೆಚ್ಚಾದದ್ದನ್ನು ತೆಗೆಯಿರಿ

ಇದು ಎಲ್ಲರೂ ಬಿಡುವ ಹೆಜ್ಜೆ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆಯೂ ಇದೇ.

ಉಬುಂಟು ಸಾಫ್ಟ್‌ವೇರ್ ಅಥವಾ ಆ್ಯಪ್ ಸೆಂಟರ್ ತೆರೆದು ಇನ್‌ಸ್ಟಾಲ್ಡ್ ಅಥವಾ ಮ್ಯಾನೇಜ್ ವಿಭಾಗಕ್ಕೆ ಹೋಗಿ. ನಿಮ್ಮ ಕಾಗದದಲ್ಲಿ ಇಲ್ಲದ ವಿಡಿಯೊ ಪ್ಲೇಯರ್, ಎರಡನೇ ಮೂರನೇ ಫೋಟೊ ವ್ಯೂವರ್, ಯಾರೋ ಹೇಳಿದರು ಅಂತ ಹಾಕಿ ಮರೆತ ಪಿಡಿಎಫ್ ರೀಡರ್, ಇವನ್ನೆಲ್ಲ ತೆಗೆಯಿರಿ. ಹೆದರುವ ಅಗತ್ಯ ಇಲ್ಲ. ತೆಗೆದ ಪ್ರೋಗ್ರಾಮು ಯಾವುದಕ್ಕಾದರೂ ಡೀಫಾಲ್ಟ್ ಆಗಿದ್ದರೆ ಸಿಸ್ಟಂ ಅದನ್ನು ಬಿಟ್ಟು, ಆ ಜಾತಿ ತೆರೆಯಬಲ್ಲ ಬೇರೊಂದನ್ನು ಹಿಡಿಯುತ್ತದೆ. ಫೈಲುಗಳಿಗೆ ಏನೂ ಆಗುವುದಿಲ್ಲ.

ಒಂದೇ ಹೆಸರು ಎರಡು ಸಲ ಕಾಣುವುದಕ್ಕೆ ಕಾರಣ ಬೇರೆ. ಲಿನಕ್ಸ್‌ನಲ್ಲಿ ಒಂದೇ ಪ್ರೋಗ್ರಾಂ ಬೇರೆ ಬೇರೆ ದಾರಿಯಿಂದ ಬರಬಹುದು: ಡೆಬ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್. ವಿಎಲ್‌ಸಿ ಒಮ್ಮೆ ಆ್ಯಪ್ ಸೆಂಟರಿನಿಂದ ಸ್ನ್ಯಾಪ್ ಆಗಿ ಬಂದಿರುತ್ತದೆ, ಇನ್ನೊಮ್ಮೆ ಟರ್ಮಿನಲ್‌ನಿಂದ ಡೆಬ್ ಆಗಿ. ಕಿಟಕಿಗೆ ಇವು ಎರಡು ಬೇರೆ ಪ್ರೋಗ್ರಾಂ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿಯೇ ಬರುತ್ತದೆ. ಅದು ನಿಧಾನ ಅಂತ ಮೊಜಿಲ್ಲಾದಿಂದ ಡೆಬ್ ತಂದು ಹಾಕಿದವರಿಗೆ ಎರಡೆರಡು ಫೈರ್‌ಫಾಕ್ಸ್ ಕಾಣುತ್ತದೆ. ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ತೆಗೆಯಿರಿ. ತೆಗೆಯುವ ಮೊದಲು ಬುಕ್‌ಮಾರ್ಕು, ಪಾಸ್‌ವರ್ಡು ಯಾವುದರಲ್ಲಿ ಉಂಟು ಅಂತ ನೋಡಿಕೊಳ್ಳಿ, ಯಾಕೆಂದರೆ ಎರಡರ ಪ್ರೊಫೈಲೂ ಬೇರೆ.

ಶಾಲೆಯ ಲ್ಯಾಪ್‌ಟಾಪ್ ಆದರೆ ಈ ಹೆಜ್ಜೆ ಬೇಡ. ಜಿಯೊಜೀಬ್ರಾದಂತಹವು ಪಾಠಕ್ಕೆ ಬೇಕಾದವು, ನಿಮಗೆ ಉಪಯೋಗ ಇಲ್ಲ ಅಂತ ತೆಗೆದರೆ ಐಸಿಟಿ ಟೀಚರ್ ಹತ್ತಿರ ಬೈಗುಳ ತಿನ್ನಬೇಕಾಗುತ್ತದೆ. ಅಲ್ಲಿ ಡೀಫಾಲ್ಟ್ ಮಾತ್ರ ಬದಲಿಸಿ ಸುಮ್ನೆ ಇರಿ.

ಇನ್ನು ನಮ್ಮ ಕಡೆಯ ವಿಶೇಷ ಉಪದ್ರ ಒಂದುಂಟು: ವೈನ್. ಕನ್ನಡ ಟೈಪಿಂಗಿನ ಹಳೇ ನುಡಿ ಅಥವಾ ಬರಹ ಸಾಫ್ಟ್‌ವೇರ್ ಬೇಕು ಅಂತ, ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಈ ವೈನ್ ಹಾಕುತ್ತಾರೆ. ವೈನ್ ತನ್ನ ಜೊತೆಗೆ ವಿಂಡೋಸ್‌ನ ನಕಲು ನೋಟ್‌ಪ್ಯಾಡ್, ನಕಲು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಲ್ಲ ತಂದು ಅವನ್ನೂ ಸರದಿಯಲ್ಲಿ ನಿಲ್ಲಿಸುತ್ತದೆ. ನಿನ್ನೆಯವರೆಗೆ ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯುತ್ತಿದ್ದ ಫೈಲು ಇವತ್ತು ಮಂಕು ಬಣ್ಣದ ನೋಟ್‌ಪ್ಯಾಡಿನಲ್ಲಿ ತೆರೆಯುವುದು ಇದರಿಂದ. ಸರಿ ಮಾಡುವುದು ಹೀಗೆ. ವೈನ್ ಕಾನ್ಫಿಗರೇಶನ್ ತೆರೆಯಿರಿ, ಡೆಸ್ಕ್‌ಟಾಪ್ ಇಂಟಿಗ್ರೇಶನ್ ಟ್ಯಾಬಿಗೆ ಹೋಗಿ, ಮ್ಯಾನೇಜ್ ಫೈಲ್ ಅಸೋಸಿಯೇಶನ್ಸ್ ಅನ್ನುವಲ್ಲಿ ಟಿಕ್ ತೆಗೆಯಿರಿ. ಇದು ಮುಂದಕ್ಕೆ ತಡೆಯುತ್ತದೆ, ಆದರೆ ಈಗಾಗಲೇ ಬಂದವು ಹೋಗುವುದಿಲ್ಲ. ಅದಕ್ಕೆ ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ. ಅಡಗಿದ ಫೋಲ್ಡರುಗಳು ಕಾಣುತ್ತವೆ. ಲೋಕಲ್, ಅದರೊಳಗೆ ಶೇರ್, ಅದರೊಳಗೆ ಅಪ್ಲಿಕೇಶನ್ಸ್. ಅಲ್ಲಿ ವೈನ್ ಎಕ್ಸ್‌ಟೆನ್ಶನ್ ಅಂತ ಹೆಸರು ಶುರುವಾಗುವ ಫೈಲುಗಳನ್ನು ಅಳಿಸಿ. ಅವನ್ನು ಮಾತ್ರ. ಪಕ್ಕದಲ್ಲಿರುವ ವೈನ್ ಹೆಸರಿನ ಫೋಲ್ಡರು ನಿಮ್ಮ ನುಡಿಯ ಮೆನು, ಅದನ್ನು ಮುಟ್ಟಬೇಡಿ.

ಈಗ ಕಿಟಕಿ

ಉಬುಂಟು 22.04ರಲ್ಲಿ ಸೆಟ್ಟಿಂಗ್ಸ್ ತೆರೆದು ಎಡಗಡೆ ಕೆಳಗೆ ಡೀಫಾಲ್ಟ್ ಅಪ್ಲಿಕೇಶನ್ಸ್ ಹುಡುಕಿ. 24.04ರಲ್ಲಿ ಅದು ಆ್ಯಪ್ಸ್ ಅನ್ನುವ ವಿಭಾಗದ ಒಳಗೆ, ಮೇಲ್ಗಡೆ ಉಂಟು. ಆರು ಸಾಲು ಕಾಣುತ್ತದೆ: ವೆಬ್, ಮೇಲ್, ಕ್ಯಾಲೆಂಡರ್, ಮ್ಯೂಸಿಕ್, ವಿಡಿಯೊ, ಫೋಟೋಸ್.

ಆರನ್ನೂ ತುಂಬಿಸಬೇಕು ಅಂತ ಇಲ್ಲ. ವೆಬ್, ಮ್ಯೂಸಿಕ್, ವಿಡಿಯೊ, ಫೋಟೋಸ್ ನಾಲ್ಕಕ್ಕೆ ಕಾಗದ ನೋಡಿ ಹಾಕಿ. ಕ್ಯಾಲೆಂಡರ್ ಹಾಗೇ ಬಿಡಿ, ಅದನ್ನು ಕೇಳುವವರು ಯಾರೂ ಇಲ್ಲ. ಮೇಲ್ ವಿಷಯ ಕೆಳಗೆ ಬರುತ್ತದೆ.

ಒಂದು ಸಾಲು ಅಂದರೆ ಒಂದು ಜಾತಿಯಲ್ಲ, ಒಂದು ಗುಂಪು. ವೆಬ್ ಸಾಲಿನಲ್ಲಿ ಬ್ರೌಸರ್ ಬದಲಿಸಿದರೆ ಲಿಂಕುಗಳು ಮಾತ್ರ ಅಲ್ಲ, ಎಚ್‌ಟಿಎಂಎಲ್ ಫೈಲುಗಳೂ ಅದಕ್ಕೇ ಹೋಗುತ್ತವೆ. ಇದು ಒಳ್ಳೆಯದೇ. ಫೋಟೋಸ್ ಸಾಲಿನಲ್ಲಿ ಮಾತ್ರ ಸ್ವಲ್ಪ ಸೂಕ್ಷ್ಮ ಉಂಟು. ಅಲ್ಲಿ ಕಾಣುವ ಹೆಸರುಗಳು ಜೆಪೆಗ್ ತೆರೆಯಬಲ್ಲವು. ನೀವು ಒಂದನ್ನು ಆರಿಸಿದಾಗ ಚಿತ್ರಗಳ ಜಾತಿಯಲ್ಲಿ ಆ ಪ್ರೋಗ್ರಾಮು ತಾನು ತೆರೆಯಬಲ್ಲೆ ಅಂತ ಹೇಳಿದ ಎಲ್ಲದಕ್ಕೂ ಅದು ಡೀಫಾಲ್ಟ್ ಆಗುತ್ತದೆ. ಅದು ಹೇಳದೇ ಇದ್ದದ್ದು? ಅದು ಮೊದಲು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. 22.04ರ ಇಮೇಜ್ ವ್ಯೂವರ್‌ಗೆ ವೆಬ್‌ಪಿ ಬರುವುದಿಲ್ಲ. ಹಾಗಾಗಿ ನೀವು ಫೋಟೋಸ್ ಸಾಲಿನಲ್ಲಿ ಎಷ್ಟು ಸಲ ಬದಲಿಸಿದರೂ ವೆಬ್‌ಪಿ ಚಿತ್ರ ಬ್ರೌಸರಿನಲ್ಲೇ ತೆರೆಯಬಹುದು. ಕಿಟಕಿ ಕೆಟ್ಟಿಲ್ಲ. ಅದು ನಿಮ್ಮ ಮಾತು ಕೇಳಿದೆ, ಪ್ರೋಗ್ರಾಮಿಗೆ ಆ ವಿದ್ಯೆ ಇಲ್ಲ ಅಷ್ಟೇ. ವೆಬ್‌ಪಿ ಬಲ್ಲ ವ್ಯೂವರ್ ಹಾಕಿ ಅಥವಾ ಬ್ರೌಸರಿನಲ್ಲೇ ನೋಡಿ. ಐಫೋನಿನ ಎಚ್‌ಇಐಸಿ ಫೋಟೊಗಳ ಕಥೆಯೂ ಇದೇ. ಕಳಿಸುವವರ ಫೋನಿನಲ್ಲೇ ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಮಾಡಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿಯೇ ಬರುತ್ತವೆ. ದುಬೈಯಲ್ಲಿರುವ ತಮ್ಮನಿಗೆ ಒಂದು ಮೆಸೇಜ್ ಹಾಕಿದರೆ ಮುಗಿಯಿತು.

ಪಿಡಿಎಫ್‌ಗೆ ಸಾಲಿಲ್ಲ, ರೈಟ್ ಕ್ಲಿಕ್ ಉಂಟು

ಎಲ್ಲರೂ ದಿನಾ ತೆರೆಯುವ ಪಿಡಿಎಫ್‌ಗೆ ಒಂದು ಸಾಲು ಕೊಡದೆ ಯಾರೂ ಕೇಳದ ಕ್ಯಾಲೆಂಡರ್‌ಗೆ ಕೊಟ್ಟದ್ದು ಯಾಕೋ ನನಗೆ ಇವತ್ತಿಗೂ ಒಪ್ಪಿಗೆ ಆಗಿಲ್ಲ. ಇರಲಿ. ಪಿಡಿಎಫ್, ವರ್ಡ್, ಎಕ್ಸೆಲ್, ಜಿಪ್, ಟೆಕ್ಸ್ಟ್, ಇವನ್ನೆಲ್ಲ ಫೈಲಿನ ಕಡೆಯಿಂದಲೇ ಹೇಳಬೇಕು.

22.04ರಲ್ಲಿ ಹೀಗೆ:

1. ಯಾವುದಾದರೂ ಒಂದು ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ.
2. ಓಪನ್ ವಿತ್ ಟ್ಯಾಬಿಗೆ ಹೋಗಿ.
3. ಡಾಕ್ಯುಮೆಂಟ್ ವ್ಯೂವರ್ ಆರಿಸಿ, ಕೆಳಗೆ ಸೆಟ್ ಆ್ಯಸ್ ಡೀಫಾಲ್ಟ್ ಒತ್ತಿ.

24.04ರಲ್ಲಿ ರೈಟ್ ಕ್ಲಿಕ್ ಮಾಡಿ ಓಪನ್ ವಿತ್ ಒತ್ತಿ, ಪ್ರೋಗ್ರಾಂ ಆರಿಸಿ, ಆಲ್ವೇಸ್ ಯೂಸ್ ಫಾರ್ ದಿಸ್ ಫೈಲ್ ಟೈಪ್ ಅನ್ನುವ ಗುಂಡಿ ಆನ್ ಮಾಡಿ ತೆರೆಯಿರಿ. ಆ ಗುಂಡಿ ಆನ್ ಮಾಡದಿದ್ದರೆ ಅದೊಂದು ಸಲಕ್ಕೆ ಮಾತ್ರ. ತಿದ್ದಲಿಕ್ಕೆ ಗಿಂಪ್‌ನಲ್ಲಿ ತೆರೆಯುವಾಗ ಈ ಗುಂಡಿ ಆನ್ ಆಗಿ ಉಳಿದಿದ್ದರೆ ಮತ್ತೆ ಎಲ್ಲ ಉಲ್ಟಾ, ಅದನ್ನೊಂದು ನೋಡಿಕೊಳ್ಳಿ.

ಒಂದು ಪಿಡಿಎಫ್‌ಗೆ ಮಾಡಿದರೆ ಎಲ್ಲ ಪಿಡಿಎಫ್‌ಗೂ ಆಯಿತು. ಆದರೆ ವರ್ಡ್‌ನಲ್ಲಿ ಹಳೇ ಡಾಕ್ ಬೇರೆ, ಹೊಸ ಡಾಕ್ಸ್ ಬೇರೆ. ಎಕ್ಸೆಲ್‌ನಲ್ಲೂ ಹಾಗೆಯೇ. ಒಂದಕ್ಕೆ ಹೇಳಿ ಇನ್ನೊಂದು ಬದಲಾಗಲಿಲ್ಲ ಅಂತ ತಲೆ ಕೆರೆದುಕೊಳ್ಳಬೇಡಿ, ಎರಡಕ್ಕೂ ಹೇಳಿ.

"ಬದಲಿಸಿದೆ, ಆದರೂ ಬ್ರೌಸರಿನಲ್ಲೇ ತೆರೆಯುತ್ತದೆ"

ಇದು ನನಗೆ ಅತಿ ಹೆಚ್ಚು ಬರುವ ದೂರು. ಡೆಸ್ಕ್‌ಟಾಪಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಸರಿ ಇರುತ್ತದೆ, ವೆಬ್‌ಸೈಟಿನಿಂದ ರಶೀದಿ ಇಳಿಸಿದಾಗ ಮಾತ್ರ ಬ್ರೌಸರಿನ ಒಳಗೇ ತೆರೆಯುತ್ತದೆ. ಬ್ರೌಸರಿಗೆ ತನ್ನದೇ ಬೇರೆ ಪಟ್ಟಿ ಇರುವುದರಿಂದ ಹೀಗಾಗುತ್ತದೆ. ಅದು ನಿಮ್ಮ ಸೆಟ್ಟಿಂಗ್ಸ್ ಕಿಟಕಿಯನ್ನು ಕೇಳುವುದೇ ಇಲ್ಲ.

ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಅದರಲ್ಲಿ ಕೆಳಗೆ ಹೋದರೆ ಅಪ್ಲಿಕೇಶನ್ಸ್ ಅಂತ ಒಂದು ಪಟ್ಟಿ. ಪಿಡಿಎಫ್ ಎದುರು ಓಪನ್ ಇನ್ ಫೈರ್‌ಫಾಕ್ಸ್ ಇರುತ್ತದೆ. ಅದನ್ನು ಸಿಸ್ಟಂ ಡೀಫಾಲ್ಟ್ ಬಳಸು ಅನ್ನುವುದಕ್ಕೆ ಬದಲಿಸಿ. ಕ್ರೋಮ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಅಡಿಷನಲ್ ಕಂಟೆಂಟ್ ಸೆಟ್ಟಿಂಗ್ಸ್, ಪಿಡಿಎಫ್ ಡಾಕ್ಯುಮೆಂಟ್ಸ್, ಅಲ್ಲಿ ಡೌನ್‌ಲೋಡ್ ಆರಿಸಿ. ದಾರಿ ಉದ್ದ, ಆದರೆ ಒಮ್ಮೆ ಹೋದರೆ ಸಾಕು.

ನಿಜ ಹೇಳಬೇಕೆಂದರೆ ಇದನ್ನು ಬದಲಿಸಲೇಬೇಕು ಅಂತ ನಾನು ಹೇಳುವುದಿಲ್ಲ. ಓದಿ ಬಿಡುವುದಕ್ಕೆ ಬ್ರೌಸರ್ ಚೆನ್ನಾಗಿಯೇ ಇರುತ್ತದೆ. ಆದರೆ ವಾಚನಾಲಯಕ್ಕೋ ಜೆರಾಕ್ಸ್ ಅಂಗಡಿಗೋ ಬರುವ ಹಿರಿಯರು ಸರ್ಟಿಫಿಕೇಟ್ ತೆರೆದು, ಇಳಿಸಿಕೊಂಡೆವು ಅಂದುಕೊಂಡು, ಟ್ಯಾಬ್ ಮುಚ್ಚಿ ಹೋಗುತ್ತಾರೆ. ಅಂಥ ಕಡೆ ಇಳಿಸಿ ಬೇರೆ ಕಿಟಕಿಯಲ್ಲಿ ತೆರೆಯುವುದೇ ಒಳ್ಳೆಯದು.

ಮೇಲ್ ರಗಳೆಯೂ ಇದೇ ಪಟ್ಟಿಯಲ್ಲಿ ಮುಗಿಯುತ್ತದೆ. ಫೈರ್‌ಫಾಕ್ಸ್‌ನ ಅಪ್ಲಿಕೇಶನ್ಸ್ ಪಟ್ಟಿಯಲ್ಲಿ ಮೇಲ್‌ಟು (ಇಮೇಲ್ ವಿಳಾಸದ ಲಿಂಕು) ಹುಡುಕಿ ಜಿಮೇಲ್ ಆರಿಸಿ. ಇನ್ನು ಮುಂದೆ ಇಮೇಲ್ ವಿಳಾಸ ಒತ್ತಿದರೆ ಜಿಮೇಲ್‌ನ ಟ್ಯಾಬ್ ತೆರೆಯುತ್ತದೆ, ಉಬುಂಟುವಿನ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ಎದ್ದು ಬರುವುದಿಲ್ಲ. ಥಂಡರ್‌ಬರ್ಡ್ ಬಳಸುವುದೇ ಇಲ್ಲ ಅಂತಾದರೆ ಅದನ್ನೂ ತೆಗೆದುಬಿಡಿ, ಮೇಲ್ ಸಾಲು ತಾನೇ ಖಾಲಿ ಆಗುತ್ತದೆ.

ಪೆನ್‌ಡ್ರೈವ್ ಹಾಕಿದಾಗ ಏನಾಗಬೇಕು

22.04ರ ಸೆಟ್ಟಿಂಗ್ಸ್‌ನಲ್ಲಿ ರಿಮೂವಬಲ್ ಮೀಡಿಯಾ ಅಂತ ಬೇರೆಯೇ ಒಂದು ಭಾಗ ಉಂಟು. ಫೋನ್ ಜೋಡಿಸಿದ ತಕ್ಷಣ ಫೋಟೊ ಪ್ರೋಗ್ರಾಂ ಎದ್ದು ಸಾವಿರ ಫೋಟೊ ಒಳಗೆ ತರಲಾ ಅಂತ ಕೇಳುವುದು ಇಲ್ಲಿಂದಲೇ. ಫೋಟೋಸ್ ಎದುರು ಓಪನ್ ಫೋಲ್ಡರ್ ಮಾಡಿ. ಸಾಫ್ಟ್‌ವೇರ್ ಎದುರು ಡು ನಥಿಂಗ್ ಮಾಡಿ. ಎಲ್ಲರ ಪೆನ್‌ಡ್ರೈವ್ ಬಂದು ಹೋಗುವ ಕಂಪ್ಯೂಟರಾದರೆ, ನೆವರ್ ಪ್ರಾಂಪ್ಟ್ ಅನ್ನುವುದಕ್ಕೇ ಟಿಕ್ ಹಾಕಿಬಿಡಿ. ಬೇಕಾದವರು ಫೈಲ್ಸ್ ತೆರೆದು ನೋಡುತ್ತಾರೆ.

ಬೇರೆ ಡೆಸ್ಕ್‌ಟಾಪ್ ಇದ್ದರೆ

ಹಳೇ ಕಂಪ್ಯೂಟರಿನಲ್ಲಿ ಗ್ನೋಮ್ ಬದಲು ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇದ್ದರೆ ನೀವು ಅದೃಷ್ಟವಂತರು. ಮೊದಲು ಅದರಲ್ಲೂ ಎರಡು ಕಿಟಕಿ ಇತ್ತು: ಬ್ರೌಸರ್, ಮೇಲ್ ಇಂಥವಕ್ಕೆ ಪ್ರಿಫರ್ಡ್ ಅಪ್ಲಿಕೇಶನ್ಸ್, ಫೈಲ್ ಜಾತಿಗಳಿಗೆ ಇನ್ನೊಂದು. ಯಾವುದು ಎಲ್ಲಿ ಅಂತ ಹುಡುಕುವುದೇ ಕೆಲಸ. 2020ರ ಡಿಸೆಂಬರಿನಲ್ಲಿ ಬಂದ 4.16ರಲ್ಲಿ ಎರಡನ್ನೂ ಸೇರಿಸಿ ಡೀಫಾಲ್ಟ್ ಅಪ್ಲಿಕೇಶನ್ಸ್ ಅಂತ ಒಂದೇ ಕಿಟಕಿ ಮಾಡಿದರು. ಮೂರು ಟ್ಯಾಬ್: ಇಂಟರ್‌ನೆಟ್, ಯುಟಿಲಿಟೀಸ್, ಅದರ್ಸ್. ಅದರ್ಸ್‌ನಲ್ಲಿ ಇರುವ ಉದ್ದ ಪಟ್ಟಿ ನೋಡಿ ಗಾಬರಿ ಆಗಬೇಡಿ. ಹುಡುಕುವ ಪೆಟ್ಟಿಗೆಯಲ್ಲಿ ಪಿಡಿಎಫ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದೆರಡು ಸಾಲಿಗೆ ಇಳಿಯುತ್ತದೆ. ಸ್ಟೇಟಸ್ ಕಾಲಂನಲ್ಲಿ ಯೂಸರ್ ಸೆಟ್ ಅಂತ ಇದ್ದರೆ ಯಾರೋ ಕೈಯಾರೆ ಬದಲಿಸಿದ್ದು. ಯಾವುದು ಮೊದಲಿನಿಂದ ಇದ್ದದ್ದು, ಯಾವುದು ಬದಲಾದದ್ದು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಗ್ನೋಮ್‌ನಲ್ಲಿ ಈ ಸೌಲಭ್ಯ ಇಲ್ಲ, ಇರಬೇಕಿತ್ತು.

ಕೆಡಿಇ ಡೆಸ್ಕ್‌ಟಾಪಿನಲ್ಲಿ ಈಗಲೂ ಎರಡು ಜಾಗ: ಡೀಫಾಲ್ಟ್ ಅಪ್ಲಿಕೇಶನ್ಸ್ ಮತ್ತು ಫೈಲ್ ಅಸೋಸಿಯೇಶನ್ಸ್. ಎರಡನೆಯದರಲ್ಲಿ ಪ್ರೋಗ್ರಾಮುಗಳನ್ನು ಮೇಲೆ ಕೆಳಗೆ ಸರಿಸಬಹುದು, ಮೇಲಿದ್ದದ್ದು ತೆರೆಯುತ್ತದೆ. ಲಿನಕ್ಸ್ ಮಿಂಟ್‌ನಲ್ಲಿ ಈ ಕಿಟಕಿಯ ಹೆಸರು ಪ್ರಿಫರ್ಡ್ ಅಪ್ಲಿಕೇಶನ್ಸ್.

ವಿಂಡೋಸ್‌ನವರಿಗೆ

ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್. ಇಮೇಲ್, ಮ್ಯಾಪ್ಸ್, ಮ್ಯೂಸಿಕ್, ಫೋಟೊ, ವಿಡಿಯೊ, ಬ್ರೌಸರ್, ಇಷ್ಟಕ್ಕೆ ಗುಂಡಿಗಳು ಕಾಣುತ್ತವೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೊಸದಾಗಿ ಸೆಟ್ ಮಾಡುವ ಕಂಪ್ಯೂಟರಿಗೆ ಅದನ್ನು ಹಾಕಬೇಡಿ.

ವಿಂಡೋಸ್ 11ರಲ್ಲಿ ಅದೇ ದಾರಿ, ಕಿಟಕಿ ಮಾತ್ರ ಬೇರೆ. ಆ್ಯಪ್‌ಗಳ ಉದ್ದ ಪಟ್ಟಿ, ಒಂದೊಂದನ್ನು ಒತ್ತಿದರೆ ಅದರೊಳಗೆ ಬಾಲಗಳ ಉದ್ದ ಪಟ್ಟಿ. 2021ರಲ್ಲಿ ಬಂದಾಗ ಬ್ರೌಸರ್ ಬದಲಿಸಲಿಕ್ಕೂ ಒಂದೊಂದು ಬಾಲಕ್ಕೆ ಬೇರೆ ಬೇರೆಯಾಗಿ ಹೇಳಬೇಕಿತ್ತು. ಜನ ಬೈದರು, ಮರುವರ್ಷ ಸೆಟ್ ಡೀಫಾಲ್ಟ್ ಅನ್ನುವ ಒಂದು ಗುಂಡಿ ಬಂತು. ಅದನ್ನು ಒತ್ತಿದರೆ ಲಿಂಕುಗಳೂ ವೆಬ್ ಪುಟದ ಫೈಲುಗಳೂ ಒಟ್ಟಿಗೆ ಬದಲಾಗುತ್ತವೆ. ಪಿಡಿಎಫ್ ಮಾತ್ರ ಬೇರೆಯಾಗಿ ನೋಡಿಕೊಳ್ಳಿ, ಅದು ಸಾಮಾನ್ಯವಾಗಿ ಎಡ್ಜ್ ಹತ್ತಿರ ಇರುತ್ತದೆ.

ಉದ್ದ ಪಟ್ಟಿಯಲ್ಲಿ ಇಳಿಯುತ್ತಾ ಹೋಗಬೇಡಿ. ಮೇಲೆ ಒಂದು ಪೆಟ್ಟಿಗೆ ಉಂಟು, ಅದರಲ್ಲಿ ಚುಕ್ಕೆ ಹಾಕಿ ಬಾಲ ಟೈಪ್ ಮಾಡಿ. ಈಗ ಇರುವ ಪ್ರೋಗ್ರಾಂ ಕಾಣುತ್ತದೆ, ಅದನ್ನು ಒತ್ತಿ ಬದಲಿಸಿ. ಕಾಗದದಲ್ಲಿ ಬರೆದ ಹತ್ತು ಬಾಲಗಳನ್ನು ಒಂದೊಂದಾಗಿ ಹಾಕಿದರೆ ಕಾಲು ಗಂಟೆಯ ಕೆಲಸ. ಎಲ್ಲ ಒಂದೇ ಕ್ಲಿಕ್‌ನಲ್ಲಿ ಬದಲಿಸುತ್ತೇವೆ ಅನ್ನುವ ಪುಕ್ಕಟೆ ಸಾಫ್ಟ್‌ವೇರುಗಳನ್ನು ನಂಬಬೇಡಿ. ನಿಮ್ಮ ಆಯ್ಕೆಯನ್ನು ಬೇರೆ ಪ್ರೋಗ್ರಾಮುಗಳು ಸುಮ್ಮನೆ ಬದಲಿಸದ ಹಾಗೆ ವಿಂಡೋಸ್ ಅದಕ್ಕೊಂದು ಗುಟ್ಟಿನ ಗುರುತು ಹಾಕಿ ಇಡುತ್ತದೆ. ಆ ಗುರುತು ಹೊಂದದಿದ್ದರೆ ಡೀಫಾಲ್ಟ್ ರಿಸೆಟ್ ಆಯಿತು ಅಂತ ಮೂಲೆಯಲ್ಲಿ ಒಂದು ಸೂಚನೆ ಬರುತ್ತದೆ, ಎಲ್ಲ ಮೊದಲಿನ ಹಾಗೆ ಆಗುತ್ತದೆ.

ಅಲ್ಲೇ ಕೆಳಗೆ ರಿಸೆಟ್ ಗುಂಡಿಯೂ ಉಂಟು. ಅದನ್ನು ಒತ್ತಿದರೆ ಎಲ್ಲವೂ ಮೈಕ್ರೋಸಾಫ್ಟ್ ಹೇಳಿದ್ದಕ್ಕೆ ಹೋಗುತ್ತದೆ, ನೀವು ಮಾಡಿದ್ದೆಲ್ಲ ನೀರಿಗೆ.

ಇನ್ನೊಂದು ಮಾತು. ವಿಂಡೋಸ್ ಬಾಲ ನೋಡಿಯೇ ತೀರ್ಮಾನ ಮಾಡುವುದು, ಆದರೆ ಬಾಲವನ್ನೇ ನಿಮ್ಮಿಂದ ಅಡಗಿಸಿ ಇಡುತ್ತದೆ! ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ. ಡೀಫಾಲ್ಟ್ ಸರಿ ಮಾಡಲಿಕ್ಕೆ ಮಾತ್ರ ಅಲ್ಲ, ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಅಂತ ಬರುವ ಕಳ್ಳ ಫೈಲುಗಳು ಪಿಡಿಎಫ್ ಅಲ್ಲ, ಪ್ರೋಗ್ರಾಂ ಅಂತ ಕಣ್ಣಿಗೆ ಕಾಣಲಿಕ್ಕೂ ಇದು ಬೇಕು.

ಹಲವರು ಬಳಸುವ ಕಂಪ್ಯೂಟರ್

ಲಿನಕ್ಸ್‌ನಲ್ಲಿ ಒಂದು ಲಾಗಿನ್‌ನಲ್ಲಿ ಎಲ್ಲ ಸರಿ ಮಾಡಿ, ಆ ಮೈಮ್‌ಆಪ್ಸ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಉಳಿದ ಲಾಗಿನ್‌ಗಳಲ್ಲಿ ಅದೇ ಜಾಗಕ್ಕೆ ಹಾಕಿ. ಬೇರೆ ಕಂಪ್ಯೂಟರಿಗೂ ಹಾಕಬಹುದು, ಆದರೆ ಅಲ್ಲಿ ಅದೇ ಪ್ರೋಗ್ರಾಮುಗಳು ಅದೇ ದಾರಿಯಿಂದ ಬಂದಿರಬೇಕು. ಇಲ್ಲಿ ಡೆಬ್ ವಿಎಲ್‌ಸಿ, ಅಲ್ಲಿ ಸ್ನ್ಯಾಪ್ ವಿಎಲ್‌ಸಿ ಆದರೆ ಒಳಗಿನ ಹೆಸರು ಹೊಂದುವುದಿಲ್ಲ, ಆ ಸಾಲು ಕೆಲಸಕ್ಕೆ ಬಾರದು. ಅಡ್ಮಿನ್ ಪಾಸ್‌ವರ್ಡ್ ಇರುವವರು ಇದೇ ಫೈಲನ್ನು ಇಟಿಸಿ ಫೋಲ್ಡರಿನ ಎಕ್ಸ್‌ಡಿಜಿ ಒಳಗೆ ಇಟ್ಟರೆ ಸ್ವಂತ ಆಯ್ಕೆ ಮಾಡದ ಎಲ್ಲರಿಗೂ ಅದು ಅನ್ವಯಿಸುತ್ತದೆ. ಶಾಲೆಯ ಲ್ಯಾಬಿಗೆ ಇದೇ ಸುಲಭ. ಮಾಷ್ಟ್ರ ಒಪ್ಪಿಗೆ ಕೇಳಿ ಮಾಡಿ.

ಇಷ್ಟೆಲ್ಲ ಮಾಡಿಯೂ ಸರಿ ಆಗದಿದ್ದರೆ

ಮೊದಲು ಕಾಗದ ಹಿಡಿದು ಪ್ರತಿ ಜಾತಿಯ ಒಂದೊಂದು ಫೈಲನ್ನು ಡಬಲ್ ಕ್ಲಿಕ್ ಮಾಡಿ ನೋಡಿ. ಲಾಗ್ ಔಟ್ ಆಗಿ ಬಂದು ಇನ್ನೊಮ್ಮೆ ನೋಡಿ. ಎಲ್ಲವೂ ಕಲಸುಮೇಲೋಗರ ಆಗಿದ್ದರೆ ಹಿಡಿದು ಹಿಡಿದು ಸರಿ ಮಾಡುವುದಕ್ಕಿಂತ ಮೈಮ್‌ಆಪ್ಸ್ ಫೈಲಿನ ಹೆಸರು ಬದಲಿಸಿಬಿಡಿ. ಮುಂದಿನ ಲಾಗಿನ್‌ಗೆ ಸಿಸ್ಟಂ ಹೊಸತರ ಹಾಗೆ ಇರುತ್ತದೆ. ಅಲ್ಲಿಂದ ಪುನಃ ಶುರು. ಅಳಿಸಬೇಡಿ, ಹಳೆಯದು ಬೇಕಾದರೆ ಹೆಸರು ವಾಪಸು ಕೊಟ್ಟರೆ ಆಯಿತು.

ಇನ್ನೊಂದು ಜಾತಿಯ ದೂರು ಬರುತ್ತದೆ: "ವರ್ಡ್ ಫೈಲ್ ತೆರೆದರೆ ಕನ್ನಡ ಬರುವುದಿಲ್ಲ ಮಾರಾಯ್ರೆ, ಎಂತದೋ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತದೆ, ಡೀಫಾಲ್ಟ್ ತಪ್ಪಿದೆ." ಇಲ್ಲ, ಡೀಫಾಲ್ಟ್ ಸರಿಯೇ ಉಂಟು. ಆ ಫೈಲು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ವ್ಯವಸ್ಥೆ) ಬರುವುದಕ್ಕೆ ಮೊದಲಿನ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪ್ ಆದದ್ದು. ಮಲಯಾಳದ ಹಳೇ ಸುತ್ತೋಲೆಗಳಲ್ಲೂ ಎಂಎಲ್-ಟಿಟಿ ಕಾರ್ತಿಕದಂಥ ಫಾಂಟಿನಿಂದ ಇದೇ ಕಥೆ. ಹತ್ತು ಪ್ರೋಗ್ರಾಂ ಬದಲಿಸಿದರೂ ಅಕ್ಷರ ಬರುವುದಿಲ್ಲ. ಸುಮ್ನೆ ಓದಲಿಕ್ಕಾದರೆ ಆ ಫಾಂಟ್ ಹಾಕಿಕೊಳ್ಳಿ, ಮುಂದೆಯೂ ಬಳಸಬೇಕಾದರೆ ಯುನಿಕೋಡ್‌ಗೆ ಕನ್ವರ್ಟ್ ಮಾಡಿ ಹೊಸ ಫೈಲಾಗಿ ಸೇವ್ ಮಾಡಿ.